ಕತ್ತಲೆ ತೋರಿಸೋಕೆ ಎಷ್ಟು ಬೆಳಕು ಬೇಕು?

ಕಾದಂಬರಿ ಬರೆಯುವವರಿಗೆ ರಾತ್ರಿ ಬಲು ಸಲೀಸು. 'ಗವ್ವೆನ್ನುವ ಕತ್ತಲೆ' ಅಂತ ಬರೆದರೆ ಸಾಕು, ಉಳಿದದ್ದನ್ನು ಓದುಗರೇ ಕಟ್ಟಿಕೊಳ್ಳುತ್ತಾರೆ. ಅದೂ ಕನ್ನಡದಲ್ಲಿ ಮುಸ್ಸಂಜೆ, ಮಬ್ಬುಗತ್ತಲೆ, ಕಗ್ಗತ್ತಲೆ, ನಸುಕು ಅಂತ ಹೊತ್ತಿಗೊಂದು ಪದ. ಸಂಗೀತದವರಿಗೂ ತೊಂದರೆ ಇಲ್ಲ. ಹಿಂದೂಸ್ತಾನಿಯಲ್ಲಿ ದರ್ಬಾರಿ ಕಾನಡ, ಮಾಲಕಂಸ್ ರಾತ್ರಿಯ ರಾಗಗಳು ಅನ್ನೋದು ಸಂಪ್ರದಾಯ. ಕಣ್ಣು ಮುಚ್ಚಿ ಕೇಳಿದರಾಯ್ತು. ಪೇಚಿಗೆ ಸಿಕ್ಕೋದು ಸಿನಿಮಾದವರು. ನಿಜವಾದ ಕತ್ತಲೆಯಲ್ಲಿ ಕ್ಯಾಮೆರಾ ಇಟ್ಟರೆ ಪರದೆ ಮೇಲೆ ಏನೂ ಕಾಣಲ್ಲ. ಕಥೆಯಲ್ಲಿ ಕತ್ತಲಿರಬೇಕು, ನಾಯಕಿಯ ಮುಖವೂ ಕಾಣಬೇಕು!

ಹಳಬರು ಕಂಡುಕೊಂಡ ಉಪಾಯ 'ಡೇ ಫಾರ್ ನೈಟ್'. ಹಾಡುಹಗಲೇ ಶೂಟಿಂಗ್ ಮಾಡಿ, ಎಕ್ಸ್‌ಪೋಶರ್ ಇಳಿಸಿ, ಕಲರ್ ಚಿತ್ರವಾದರೆ ಒಂದಿಷ್ಟು ನೀಲಿ ಬಳಿಯೋದು. ಫ್ರೆಂಚರು ಇದನ್ನು 'ಅಮೆರಿಕನ್ ರಾತ್ರಿ' ಅನ್ನುತ್ತಾರೆ. ತ್ರುಫೋ 1973ರಲ್ಲಿ ಅದೇ ಹೆಸರಿನ ಸಿನಿಮಾ ಮಾಡಿದರು. ನೀಲಿ ಯಾಕೆ? ಬೆಳಕು ಕಡಿಮೆಯಾದಂತೆ ನಮ್ಮ ಕಣ್ಣಿಗೆ ಕೆಂಪು ಮಂಕಾಗಿ, ನೀಲಿ-ಹಸಿರು ಎದ್ದು ಕಾಣುತ್ತದೆ. ಇದಕ್ಕೆ ಪರ್ಕಿಂಜೆ ಪರಿಣಾಮ ಅಂತ ಹೆಸರು. ಮುಸ್ಸಂಜೆಯಲ್ಲಿ ದಾಸವಾಳ ಗಿಡ ನೋಡಿ, ಹೂವು ಎಲೆಗಿಂತ ಮೊದಲೇ ಕಪ್ಪಾಗಿರುತ್ತದೆ. ಆದರೂ ಈ ಉಪಾಯದಲ್ಲಿ ಕಳ್ಳ ಸಿಕ್ಕಿಬೀಳೋದು ಸುಲಭ. 'ರಾತ್ರಿ'ಯ ದೃಶ್ಯದಲ್ಲಿ ಕಾಲಬುಡದಲ್ಲೇ ಚೂಪಾದ ನೆರಳಿದ್ದರೆ ಅದು ಮಟಮಟ ಮಧ್ಯಾಹ್ನ ಅಂತಲೇ ಲೆಕ್ಕ.

ಸ್ಟುಡಿಯೋ ಒಳಗಿನ ಕತ್ತಲೆಯ ವಿಷಯ ಬಂದರೆ ನಮ್ಮ ಮೈಸೂರಿನವರೊಬ್ಬರ ಹೆಸರು ಹೇಳಲೇಬೇಕು. ವಿ.ಕೆ. ಮೂರ್ತಿ. 1923ರಲ್ಲಿ ಹುಟ್ಟಿದ ಇವರು ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ. ಹೌದು, ಡಿಪ್ಲೊಮಾ! ಗುರುದತ್ ಅವರ 'ಪ್ಯಾಸಾ' (1957), 'ಕಾಗಜ್ ಕೆ ಫೂಲ್' (1959) ಎರಡಕ್ಕೂ ಇವರದೇ ಕ್ಯಾಮೆರಾ. ಎರಡನೆಯದರಲ್ಲಿ ಒಂದು ಹಾಡಿದೆ: ಖಾಲಿ ಸ್ಟುಡಿಯೋ, ಇಬ್ಬರು ದೂರ ದೂರ ನಿಂತಿದ್ದಾರೆ, ಮೇಲಿನಿಂದ ಒಂದೇ ಒಂದು ದಪ್ಪ ಬೆಳಕಿನ ಕೋಲು ಓರೆಯಾಗಿ ಇಳಿಯುತ್ತದೆ. ಸ್ಟುಡಿಯೋ ದೀಪದ ಕಿರಣ ಮುಂದೆ ಹೋದಂತೆ ಅಗಲವಾಗುತ್ತದೆ. ಸೂರ್ಯನ ಕಿರಣಗಳೋ, ಅಷ್ಟು ದೂರದಿಂದ ಬರುವುದರಿಂದ, ಹೆಚ್ಚುಕಡಿಮೆ ಸಮಾನಾಂತರ. ಹಾಗಾಗಿ ಮೂರ್ತಿಯವರು ಎರಡು ದೊಡ್ಡ ಕನ್ನಡಿ ಬಳಸಿ ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿದರು. ಗಾಳಿಯಲ್ಲಿ ಧೂಳೋ ಹೊಗೆಯೋ ಇದ್ದರೆ ಮಾತ್ರ ಆ ಕೋಲು ಕಾಣೋದು (ಪಿಯುಸಿಯ ಟಿಂಡಾಲ್ ಪರಿಣಾಮ ನೆನಪಿದೆಯಲ್ಲ?). ಆ ಒಂದು ಬೆಳಕಿನಿಂದಲೇ ಸುತ್ತಲಿನ ಕತ್ತಲೆಗೆ ತೂಕ ಬಂತು. ಅವರಿಬ್ಬರು ಇನ್ನು ಸೇರಲ್ಲ ಅನ್ನೋದನ್ನು ಆ ಕತ್ತಲೆಯೇ ಹೇಳಿಬಿಡುತ್ತದೆ. ಸಿನಿಮಾ ಮಕಾಡೆ ಮಲಗಿತು, ಅದು ಬೇರೆ ಮಾತು. ಮೂರ್ತಿಯವರಿಗೆ ಫಿಲ್ಮ್‌ಫೇರ್ ಬಂತು. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ.

ಕುಬ್ರಿಕ್ ಹಿಡಿದದ್ದು ಇನ್ನೊಂದು ದಾರಿ. 'ಬ್ಯಾರಿ ಲಿಂಡನ್' (1975) ಚಿತ್ರದ ಕೆಲವು ದೃಶ್ಯಗಳನ್ನು ಬರೀ ಮೇಣದಬತ್ತಿಯ ಬೆಳಕಿನಲ್ಲಿ ತೆಗೆಯೋಕೆ, ನಾಸಾಗಾಗಿ ಮಾಡಿದ್ದ ಝೈಸ್ ಕಂಪನಿಯ ಎಫ್/0.7 ಲೆನ್ಸ್ ತರಿಸಿದರು. ಎಫ್/1.4 ಲೆನ್ಸ್‌ಗಿಂತ ಇದು ನಾಲ್ಕು ಪಟ್ಟು ಬೆಳಕು ಎಳೆದುಕೊಳ್ಳುತ್ತದೆ. ಆದರೆ ಫೋಕಸ್ಸಿನ ಆಳ ತೀರಾ ಕಮ್ಮಿ, ನಟರು ತುಸು ಮುಂದೆ ಬಾಗಿದರೂ ಮುಖ ಮಸುಕು. ಆ ದೃಶ್ಯಗಳಲ್ಲಿ ಎಲ್ಲರೂ ಗೊಂಬೆಗಳ ಹಾಗೆ ಕೂತಿರೋದಕ್ಕೆ ಇದೂ ಒಂದು ಕಾರಣ ಇರಬಹುದು.

ಈಗಿನ ಡಿಜಿಟಲ್ ಕ್ಯಾಮೆರಾಗಳಿಗೆ ಬೀದಿದೀಪವೇ ಸಾಕು. ಹಾಗಂತ ಸಮಸ್ಯೆ ಮುಗೀಲಿಲ್ಲ, ನಮ್ಮ ಕೈಗೆ ಬಂದು ಕೂತಿದೆ. 'ಗೇಮ್ ಆಫ್ ಥ್ರೋನ್ಸ್'ನ 'ದಿ ಲಾಂಗ್ ನೈಟ್' ಕಂತು 2019ರಲ್ಲಿ ಬಂದಾಗ, ಏನೂ ಕಾಣಿಸ್ತಿಲ್ಲ ಅಂತ ಜಗತ್ತಿನಾದ್ಯಂತ ಗಲಾಟೆಯಾಯ್ತು. 8 ಬಿಟ್ ವಿಡಿಯೋದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರೋದು ಹೆಚ್ಚೆಂದರೆ 256 ಮೆಟ್ಟಿಲು, ಅದರಲ್ಲಿ ಕತ್ತಲೆಯ ಪಾಲಿಗೆ ಬೆರಳೆಣಿಕೆಯಷ್ಟು. ಮೇಲಿಂದ ಸ್ಟ್ರೀಮಿಂಗ್ ಕಂಪ್ರೆಶನ್ ಅದನ್ನೂ ಹಿಂಡುತ್ತದೆ. ಆಗ ಕತ್ತಲೆ ಒಡೆದು ಚೌಕ ಚೌಕವಾಗಿ ಕಾಣುತ್ತದೆ. ಅದಕ್ಕೇ ಹಾಸ್ಟೆಲ್ ರೂಮಿನ ಟ್ಯೂಬ್‌ಲೈಟ್ ಕೆಳಗೆ, ಮೊಬೈಲಿನಲ್ಲಿ 'ಕಾಗಜ್ ಕೆ ಫೂಲ್' ನೋಡಿ 'ಏನಿದೆ ಇದ್ರಲ್ಲಿ' ಅನ್ನೋರ ಮಾತನ್ನು ನಾವು ಲೆಕ್ಕಕ್ಕೆ ಇಟ್ಕೊಳ್ಳಲ್ಲ. ಲೈಟ್ ಆರಿಸಿ, ಲ್ಯಾಪ್‌ಟಾಪಿನಲ್ಲಿ ಮತ್ತೊಮ್ಮೆ ಹಾಕಿ ನೋಡಿ ಬನ್ನಿ, ಆಮೇಲೆ ಜಗಳ ಆಡೋಣ.