ಬಣ್ಣ ಹಚ್ಚುವ ಮುನ್ನ ಪಾತ್ರದ ಮನೆಗೊಮ್ಮೆ ಹೋಗಿ ಬನ್ನಿ

ಮಹಿಳಾ ಮಂಡಳದ ವಾರ್ಷಿಕೋತ್ಸವಕ್ಕೆ ರಂಗೋಲಿ, ಅಂತ್ಯಾಕ್ಷರಿ ಎಲ್ಲ ಮಾಡಿ ಸಾಕಾಯಿತು, ಈ ಸಲ ನಾಟಕ ಆಡೋಣ ಎಂದು ತೀರ್ಮಾನವಾಗಿದೆ. 'ನಿಮ್ಮ ದನಿ ಚಲೋ ಐತ್ರಿ, ನೀವ ದ್ರೌಪದಿ ಆಗ್ರಿ' ಎಂದು ಅಧ್ಯಕ್ಷೆ ಹೇಳಿದ್ದೇ ತಡ, ನೀವೂ ಹೂಂ ಅಂದುಬಿಟ್ಟಿದ್ದೀರಿ. ಮನೆಗೆ ಬಂದು ಮಾತಿನ ಹಾಳೆ ಬಿಡಿಸಿದಾಗ ಎದೆ ಡವಡವ! ಯಜಮಾನರು 'ನಿನಗ್ಯಾಕ ಬೇಕಿತ್ತು ಈ ಉಸಾಬರಿ' ಎನ್ನುತ್ತಿದ್ದಾರೆ. ಅತ್ತೆಯವರ ಮುಖ ಆಗಲೇ ಗಂಟಾಗಿದೆ.

ಹೆದರಬೇಡಿ. ಆದರೆ ಕಾಟಾಚಾರಕ್ಕೂ ಮಾಡಬೇಡಿ. ಯಾಕೆ ಅಂತೀರಾ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೆ ನಾಟಕ ಹೊಸದೇನಲ್ಲ. ಜಾತ್ರೆ ಬಂತೆಂದರೆ ಊರ ಹುಡುಗರು ಪೇಟಿ ಮಾಸ್ತರರನ್ನು ಕರೆಸಿ ರಾತ್ರಿಯೆಲ್ಲ ತಾಲೀಮು ನಡೆಸುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಊರ ಹೆಣ್ಣುಮಕ್ಕಳು ಸಿಗುವುದಿಲ್ಲ. ಹಿಂದೆ ಗಂಡಸರೇ ಸೀರೆ ಉಡುತ್ತಿದ್ದರು. ವೃತ್ತಿರಂಗಭೂಮಿಯ ಏಣಗಿ ಬಾಳಪ್ಪನವರು (1914-2017) ಕೂಡ ಚಿಕ್ಕಂದಿನಲ್ಲಿ ಸ್ತ್ರೀ ಪಾತ್ರ ಮಾಡಿ ಬೆಳೆದವರು. ಆಮೇಲೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವ ರೂಢಿ ಬಂತು. ಆಕೆಯ ಪಾತ್ರ ನೋಡಿ ರಾತ್ರಿ ಕಣ್ಣೀರು ಹಾಕಿದವರೇ ಬೆಳಿಗ್ಗೆ ನಲ್ಲಿಯ ಹತ್ತಿರ ನಿಂತು ಆಕೆಯ ಬಗ್ಗೆ ಕೊಂಕು ಆಡಿದ್ದೂ ಉಂಟು. ಮನೆತನಸ್ಥ ಹೆಣ್ಣುಮಕ್ಕಳು ಹತ್ತಬಾರದು ಎನ್ನುತ್ತಿದ್ದ ಆ ಹಲಗೆಯ ಮೇಲೆ ಈಗ ನೀವು ನಿಲ್ಲುತ್ತಿದ್ದೀರಿ. ಅದಕ್ಕೇ ತಯಾರಿ ಗಟ್ಟಿಯಾಗಿರಲಿ.

ಹೆಚ್ಚಿನವರು ಮೊದಲು ಮಾಡುವ ಕೆಲಸ ಬಾಯಿಪಾಠ. ಎರಡನೆಯದು ಸೀರೆ ಯಾವುದು ಎಂಬ ಚರ್ಚೆ! ಇವೆರಡಕ್ಕೂ ಮುಂಚೆ ಪಾತ್ರದ ಮನೆಗೊಮ್ಮೆ ಹೋಗಿ ಬರಬೇಕು.

ನಮ್ಮ ಭಾಗದ ಜನರಿಗೆ ಪರಿಚಯವಿರುವ 'ರಕ್ತರಾತ್ರಿ'ಯನ್ನೇ ತೆಗೆದುಕೊಳ್ಳಿ. ಬರೆದ ಕಂದಗಲ್ ಹನುಮಂತರಾಯರ ಊರೂ ದೂರವಲ್ಲ, ಕುಷ್ಟಗಿ ದಾಟಿ ಇಳಕಲ್ ಕಡೆ ಹೋದರೆ ಬರುವ ಸೀಮೆ. ಅದರ ದ್ರೌಪದಿ ಎಂದರೆ ಇಂದಿಗೂ ಬಳ್ಳಾರಿಯ ಸುಭದ್ರಮ್ಮ ಮನ್ಸೂರರ (ನಿಧನ 2020) ಹೆಸರೇ ನೆನಪಿಗೆ ಬರುತ್ತದೆ. ಮಲಗಿದ್ದ ಐದು ಮಕ್ಕಳನ್ನು ಅಶ್ವತ್ಥಾಮ ಕೊಂದು ಹೋದ ಕಥೆ ಅದು. ಪಾತ್ರ ಸಿಕ್ಕ ಕೂಡಲೇ 'ಇಲ್ಲಿ ಅಳಬೇಕು' ಎಂದು ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳುತ್ತೇವಲ್ಲ, ಅಲ್ಲೇ ಪಾತ್ರ ಕೆಡುವುದು. ಹಿಂದಿನ ಸಂಜೆ ಆಕೆ ಹೇಗಿದ್ದಳು, ಅದನ್ನು ಕೇಳಿಕೊಳ್ಳಿ. ಹದಿನೆಂಟು ದಿನದ ಯುದ್ಧ ಮುಗಿದಿದೆ. ಇನ್ನು ಮಕ್ಕಳಿಗೆ ಭಯವಿಲ್ಲ ಎಂದು ಎಷ್ಟೋ ದಿನದ ಮೇಲೆ ಉಸಿರು ಬಿಟ್ಟಿರಬೇಕು. ಆ ನೆಮ್ಮದಿ ನಿಮ್ಮ ಮೈಯಲ್ಲಿ ಇದ್ದರೆ ಮಾತ್ರ ಸುದ್ದಿ ಬಂದಾಗ ಬಿದ್ದ ಪೆಟ್ಟು ಕಾಣುತ್ತದೆ. ಬರುವಾಗಲೇ ಅಳುಮುಖ ಹೊತ್ತು ಬಂದರೆ ಪ್ರೇಕ್ಷಕರಿಗೆ ಹೊಸದೇನು ಉಳಿಯಿತು?

ಇನ್ನು ಅಳು. ಟಿವಿ ಸೀರಿಯಲ್‌ನಲ್ಲಿ ಕ್ಯಾಮೆರಾ ಮುಖದ ಹತ್ತಿರ ಬರುತ್ತದೆ, ಒಂದು ಹನಿ ಸಾಕು. ಸಭಾಂಗಣದ ಕೊನೆ ಸಾಲಿನಲ್ಲಿ ಕುಳಿತ ಅಜ್ಜಿಗೆ ಆ ಹನಿ ಕಾಣುವುದಿಲ್ಲ. ಆಕೆಗೆ ಕಾಣುವುದು ನಿಮ್ಮ ಬೆನ್ನು, ಕೈ, ನಡಿಗೆ. ಸಾವಿನ ಮನೆಗೆ ಹೋದದ್ದು ನೆನಪು ಮಾಡಿಕೊಳ್ಳಿ. ಹಾಡ್ಯಾಡಿ ಅಳುವ ಹಿರಿಯರ ನಡುವೆ ಒಬ್ಬಾಕೆ ಮಾತೇ ಇಲ್ಲದೆ ಸೆರಗಿನ ತುದಿ ಮಡಚುತ್ತಾ ಕೂತಿರುತ್ತಾಳೆ. ಇನ್ನೊಬ್ಬಾಕೆ 'ರಾತ್ರಿ ಉಂಡಿದ್ನಾ?' ಎಂದು ಅದನ್ನೇ ಮತ್ತೆ ಮತ್ತೆ ಕೇಳುತ್ತಾಳೆ. ಎದೆ ಹಿಂಡುವುದು ಅದು. ಇಂಥದ್ದನ್ನು ಗೃಹಿಣಿಯರಷ್ಟು ಹತ್ತಿರದಿಂದ ಕಂಡವರು ಯಾರಿದ್ದಾರೆ ಹೇಳಿ? 'ಆ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ' ಎಂದು ಕೇಳಿಕೊಳ್ಳುವ ಪಾಠವನ್ನು ರಷ್ಯಾದ ರಂಗಗುರು ಸ್ಟಾನಿಸ್ಲಾವ್‌ಸ್ಕಿ (1863-1938) ತಮ್ಮ ನಟರಿಗೆ ಕಲಿಸಿದರು. ನಮಗೆ ಅದು ದಿನಾ ನಡೆಯುವ ವಿಚಾರವೇ ಬಿಡಿ!

ಸಾಮಾಜಿಕ ನಾಟಕದ ಗಯ್ಯಾಳಿ ಅತ್ತೆ ಸಿಕ್ಕಿದ್ದರೂ ಇದೇ ಮಾತು. ಸೊಂಟದ ಮೇಲೆ ಕೈ, ಹುಬ್ಬು ಮೇಲೆ... ಇದನ್ನು ಎಲ್ಲರೂ ಮಾಡುತ್ತಾರೆ. ಆದರೆ ಯಾವ ಅತ್ತೆಯೂ ತಾನು ಕೆಟ್ಟವಳು ಎಂದುಕೊಂಡಿರುವುದಿಲ್ಲ. ಬೀಗದ ಕೈ ಕೊಟ್ಟರೆ ನಾಳೆ ನನ್ನ ಮಾತು ಕೇಳುವವರು ಯಾರು ಎಂಬ ಭಯ ಆಕೆಗಿದ್ದೀತು. ಆ ಭಯ ಹುಡುಕಿಕೊಳ್ಳಿ, ಹುಬ್ಬು ತಾನೇ ಮೇಲೇರುತ್ತದೆ.

ಮಂಡಳದಲ್ಲಿ ಗಂಡು ಪಾತ್ರಕ್ಕೂ ನಾವೇ ಆಗಬೇಕು. ಮೀಸೆ ಅಂಟಿಸಿ ದನಿ ದಪ್ಪ ಮಾಡಿದರೆ ಜನ ನಗುತ್ತಾರೆ ಅಷ್ಟೇ. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಹೆಣ್ಣುಮಕ್ಕಳದೇ 'ಸ್ತ್ರೀ ನಾಟಕ ಮಂಡಳಿ' ಕಟ್ಟಿ ರಾವಣ, ಕಂಸರಂಥ ಪಾತ್ರ ಮಾಡಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮೀಸೆ ಕೊನೆಗೆ ಇರಲಿ, ಮೊದಲು ನಿಲ್ಲುವುದನ್ನು ಕಲಿಯಿರಿ. ನಾವು ಸಾಮಾನ್ಯವಾಗಿ ಜಾಗ ಕಡಿಮೆ ಹಿಡಿದು ನಿಲ್ಲುತ್ತೇವೆ. ಕಾಲು ಅಗಲಿಸಿ, ಹೆಗಲು ಬಿಟ್ಟು ನಿಂತು ಎರಡು ದಿನ ಮನೆಯಲ್ಲೇ ಓಡಾಡಿ ನೋಡಿ.

ದನಿಯ ವಿಷಯಕ್ಕೆ ಬಂದರೆ ಗುರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಆ ಆಟದಲ್ಲಿ ಆಡಿಸುವವರು ಪರದೆಯ ಹಿಂದೆ ಇರುತ್ತಾರೆ, ಗೊಂಬೆಯ ಮುಖ ಬದಲಾಗುವುದೇ ಇಲ್ಲ. ಸಿಟ್ಟು, ಸಂಕಟ ಎಲ್ಲವೂ ದನಿಯಿಂದಲೇ ಬರಬೇಕು. ನೀವೂ ಒಂದು ಬೆಡ್‌ಶೀಟ್ ಕಟ್ಟಿ ಹಿಂದೆ ನಿಂತು ಮಾತು ಒಪ್ಪಿಸಿ. ಈಚೆ ಕೂತ ಮಗಳು 'ಅಮ್ಮ, ಈಗ ಸಿಟ್ಟಲ್ಲಿದೀಯಾ?' ಎಂದು ಸರಿಯಾಗಿ ಗುರುತಿಸಿದರೆ ಪಾಸಾದಿರಿ.

ಬಾಯಿಪಾಠಕ್ಕೆ ಒಂದು ಎಚ್ಚರಿಕೆ. ರೊಟ್ಟಿ ಬಡಿಯುತ್ತಾ ಮಾತು ಉರು ಹಾಕಿದರೆ ಸ್ಟೇಜ್ ಮೇಲೂ ಅದೇ ತಟ್‌ತಟ್ ಲಯದಲ್ಲಿ ಬರುತ್ತದೆ! ಮೊದಲು ಭಾವ ಹಾಕದೆ ಸಪ್ಪಗೆ ಕಲಿಯಿರಿ. ನಿಮ್ಮ ಮಾತಿನ ಜತೆ ಅದರ ಹಿಂದಿನವರ ಕೊನೆಯ ಮಾತೂ ಬಾಯಿಗೆ ಬರಲಿ, ಇಲ್ಲದಿದ್ದರೆ ಯಾವಾಗ ಶುರು ಮಾಡಬೇಕೆಂದೇ ತಿಳಿಯದು. ಎದುರಿನವರು ಮಾತಾಡುವಾಗ ತುಟಿ ಕುಣಿಸುತ್ತಾ ನಿಲ್ಲಬೇಡಿ, ಕೇಳಿಸಿಕೊಳ್ಳಿ.

ಆಡುವ ದಿನ ಉಡುವ ಸೀರೆಯನ್ನೇ ತಾಲೀಮಿಗೂ ಉಡಿ. ಕಚ್ಚೆ ಸೀರೆಯಾದರೆ ನಡಿಗೆಯೇ ಬೇರೆ. ಕಾಲರ್ ಮೈಕ್‌ಗೆ ಜರಿ ಸೆರಗು, ಸರ ತಾಗಿದರೆ ಗರಗರ ಎನ್ನುತ್ತದೆ, ಮೊದಲೇ ಹಚ್ಚಿ ನೋಡಿ. ಕನ್ನಡಕ ತೆಗೆದು ಆಡುವವರು ಕನ್ನಡಕವಿಲ್ಲದೇ ನಾಲ್ಕು ದಿನ ಸ್ಟೇಜ್ ಮೇಲೆ ಓಡಾಡಬೇಕು.

ಇನ್ನೊಂದು. ನಿಮ್ಮ ಊರಿನ ಸುತ್ತ ಜಾತ್ರೆಯ ನಾಟಕಗಳಲ್ಲಿ ಪಾತ್ರ ಮಾಡಿದ ಹಿರಿಯ ಕಲಾವಿದೆ ಇದ್ದರೆ ಒಂದು ದಿನ ತಾಲೀಮಿಗೆ ಕರೆಯಿರಿ. ಗುರುತಿಲ್ಲದ ತಂಡದ ಜತೆ, ಒಂದೆರಡು ತಾಲೀಮಿನಲ್ಲೇ ಆಡಿ ಗೆದ್ದವರು ಅವರು. ಮಾತು ಮರೆತಾಗ ಏನು ಮಾಡಬೇಕೆಂದು ಅವರನ್ನು ಬಿಟ್ಟು ಇನ್ಯಾರು ಹೇಳಿಕೊಡಬೇಕು? ಬರೀ ಉಡಿ ತುಂಬಿ ಕಳಿಸಬೇಡಿ, ಲಕೋಟೆಯಲ್ಲಿ ಗೌರವಧನವನ್ನೂ ಇಟ್ಟು ಕೊಡಿ.

ನಾಟಕದ ದಿನ ಸಂಜೆ ಹೊಟ್ಟೆ ತುಂಬ ಉಣ್ಣಬೇಡಿ. ಮನೆಯವರ ರಾತ್ರಿ ಅಡುಗೆ ಅವರೇ ನೋಡಿಕೊಳ್ಳಲಿ, ಅದನ್ನು ವಾರದ ಮುಂಚೆಯೇ ಹೇಳಿಬಿಡಿ. ಅತ್ತೆಯವರಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಿಡಿಸಿ.