ಆನ್‌ಲೈನ್ ಅರ್ಜಿಯ ಐದು ಪುಟಗಳು: ತುಂಬಿದ ಮಾಹಿತಿ ಎಲ್ಲಿ ಉಳಿಯುತ್ತದೆ?



ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದ ಅರ್ಜಿ ಈಗ ಕಂಪ್ಯೂಟರಿನಲ್ಲಿದೆ. ಅದರಲ್ಲಿ ಐದು ಪುಟಗಳಿವೆ: ಹೆಸರು ಮತ್ತು ವಿಳಾಸ, ಅಂಕಗಳು, ಕುಟುಂಬದ ಆದಾಯ, ಬ್ಯಾಂಕ್ ಖಾತೆ, ದಾಖಲೆಗಳ ಫೋಟೋ. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ತುಂಬಿದ್ದೆಲ್ಲ ಅಳಿಸಿಹೋಯಿತು ಎಂಬುದು ಪೋಷಕರ ದೂರು. ಬಡ ಮಕ್ಕಳ ಖಾತೆ ಸಂಖ್ಯೆ, ಆದಾಯದ ವಿವರ ಯಾರ ಕೈಗೆ ಸಿಗುತ್ತದೆ ಎಂಬುದು ದಾನಿಗಳ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ.

ಅರ್ಜಿಯನ್ನು ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆಯಲಾಗಿದೆ. ರಾಸ್ಮಸ್ ಲೆರ್ಡಾರ್ಫ್ ಎಂಬವರು ತಮ್ಮ ಸ್ವಂತ ಪುಟಕ್ಕೆಂದು ಮಾಡಿಕೊಂಡ ಸಾಧನಗಳನ್ನು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಕನ್ನಡ ವಿಕಿಪೀಡಿಯ ನಡೆಯುವುದೂ ಇದರಲ್ಲೇ. ಆದರೆ ಅಂತರ್ಜಾಲಕ್ಕೆ ಒಂದು ಸ್ವಭಾವವಿದೆ. ನೀವು ಮೊದಲ ಪುಟ ಕಳಿಸಿ ಎರಡನೆಯದಕ್ಕೆ ಹೋದರೆ, ಆ ಕಡೆಯ ಕಂಪ್ಯೂಟರಿಗೆ ನೀವು ಹೊಸಬರೇ. ಪ್ರತಿಸಲ ಕಿಟಕಿಯ ಹತ್ತಿರ ಹೋದಾಗಲೂ ಮುಖ ಮರೆತುಬಿಡುವ ಗುಮಾಸ್ತನಿದ್ದಂತೆ. ಹಾಗಾಗಿ ಮೊದಲ ಪುಟದ ಹೆಸರು ಐದನೇ ಪುಟದವರೆಗೆ ತಲುಪಬೇಕಾದರೆ ಅದನ್ನು ಯಾರಾದರೂ ಹೊತ್ತು ಒಯ್ಯಲೇಬೇಕು.

ಒಂದು ದಾರಿ, ಹಿಂದಿನ ಪುಟದ ಉತ್ತರಗಳನ್ನು ಮುಂದಿನ ಪುಟದಲ್ಲೇ ಕಾಣದಂತೆ ಅಡಗಿಸಿಡುವುದು. ಸುಲಭದ ದಾರಿ, ಆದರೆ ನನಗೆ ಒಪ್ಪಿಗೆಯಿಲ್ಲ. ಅಡಗಿದ್ದು ಕಣ್ಣಿಗೆ ಮಾತ್ರ. ಸ್ವಲ್ಪ ತಿಳಿದ ಹುಡುಗ ಬ್ರೌಸರಿನಲ್ಲೇ ಅದನ್ನು ತೆರೆದು 625ಕ್ಕೆ 480 ಇದ್ದದ್ದನ್ನು 580 ಮಾಡಬಹುದು. ಎರಡನೇ ಪುಟದಲ್ಲಿ ಒಮ್ಮೆ ಪರೀಕ್ಷಿಸಿದೆವೆಂದು ಸುಮ್ಮನಾದರೆ ಕೊನೆಗೆ ಆಯ್ಕೆ ಸಮಿತಿಯ ಮುಂದೆ ಬರುವುದು ತಿದ್ದಿದ ಅಂಕ. ಝಕಾತ್ ಹಣ ಅರ್ಹರಿಗೇ ತಲುಪಬೇಕಾದ ಅಮಾನತ್. (ಸರ್ಕಾರಿ ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ತೆಗೆಯುವುದು. ನಾನು ಹೇಳುತ್ತಿರುವುದು ನಂಬಿ ಒಪ್ಪಿಸಿದ ಒಡವೆ ಎಂಬ ಅರ್ಥದಲ್ಲಿ.)

ಎರಡನೆಯ ದಾರಿ ಸೆಷನ್. ಆ ಕಡೆಯ ಕಂಪ್ಯೂಟರು, ಅಂದರೆ ಸರ್ವರ್, ನಿಮ್ಮ ಬ್ರೌಸರಿಗೆ ಊಹಿಸಲಾಗದಂಥ ಉದ್ದನೆಯ ಟೋಕನ್ ಒಂದನ್ನು ಕೊಡುತ್ತದೆ. ಉತ್ತರಗಳು ಸರ್ವರಿನಲ್ಲೇ ಉಳಿಯುತ್ತವೆ, ಪುಟದಿಂದ ಪುಟಕ್ಕೆ ಓಡಾಡುವುದು ಟೋಕನ್ ಮಾತ್ರ. ಖಾತೆ ಸಂಖ್ಯೆ ಪ್ರತಿ ಪುಟದಲ್ಲೂ ಅಲೆದಾಡುವುದಿಲ್ಲ. ನಮ್ಮ ಅರ್ಜಿ ನಡೆಯುವುದು ಹೀಗೆ. ಪ್ರತಿ ಪುಟವನ್ನೂ ಅದು ಬಂದಾಗಲೇ ಸರ್ವರಿನಲ್ಲಿ ಪರೀಕ್ಷಿಸಿ, ಕೊನೆಯಲ್ಲಿ ಐದನ್ನೂ ಒಟ್ಟಿಗೆ ಇಟ್ಟು ಮತ್ತೊಮ್ಮೆ ನೋಡಲಾಗುತ್ತದೆ.

ಒಟ್ಟಿಗೆ ನೋಡುವುದು ಏಕೆಂದರೆ ಕೆಲವು ತಪ್ಪು ಒಂದೊಂದೇ ಪುಟದಲ್ಲಿ ಕಾಣುವುದಿಲ್ಲ. ಅಂಕಪಟ್ಟಿಯಲ್ಲಿ ಮೊಹಮ್ಮದ್, ಪಾಸ್‌ಬುಕ್ಕಿನಲ್ಲಿ ಮುಹಮ್ಮದ್, ಆಧಾರಿನಲ್ಲಿ ಎಂ.ಡಿ. ಎಂದಿರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಇಂಥ ಅರ್ಜಿಯನ್ನು ಯಂತ್ರ ತಿರಸ್ಕರಿಸಬಾರದು, ಗುರುತು ಹಾಕಿ ಮನುಷ್ಯರ ಮುಂದಿಡಬೇಕು ಎಂದು ಸಮಿತಿ ತೀರ್ಮಾನಿಸಿದೆ.

ಇನ್ನು ಅಳಿಸಿಹೋಗುವ ವಿಷಯ. ಸೆಷನ್ ಶಾಶ್ವತವಲ್ಲ. ಪಿಎಚ್‌ಪಿಯಲ್ಲಿ ಮೊದಲಿನಿಂದ ಇಟ್ಟಿರುವ ಅವಧಿ 1440 ಸೆಕೆಂಡ್, ಅಂದರೆ 24 ನಿಮಿಷ. ಅಷ್ಟು ಹೊತ್ತು ಏನೂ ಕಳಿಸದೆ ಬಿಟ್ಟರೆ ಸರ್ವರ್ ಆ ಮಾಹಿತಿಯನ್ನು ಕಸಕ್ಕೆ ಹಾಕಬಹುದು. ಪಾಸ್‌ಬುಕ್ ಹುಡುಕಲು ಅಜ್ಜಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಆದ್ದರಿಂದ ಈಗ ಪ್ರತಿ ಪುಟ ಮುಗಿದೊಡನೆ ಅದನ್ನು ಕರಡಾಗಿ ದತ್ತಾಂಶ ಕಡತಕ್ಕೆ ಬರೆದುಕೊಳ್ಳಲಾಗುತ್ತದೆ. ಮೊದಲ ಪುಟದ ಕೊನೆಯಲ್ಲಿ ಬರುವ ಕರಡು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮರುದಿನ ಆ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಹಾಕಿ ಬಿಟ್ಟಲ್ಲಿಂದ ಮುಂದುವರಿಸಬಹುದು.

ಅಕ್ಕ ತಮ್ಮ ಇಬ್ಬರ ಅರ್ಜಿಯನ್ನು ಒಂದೇ ಬ್ರೌಸರಿನ ಎರಡು ಟ್ಯಾಬುಗಳಲ್ಲಿ ಒಟ್ಟಿಗೆ ತುಂಬುವವರಿದ್ದಾರೆ. ಎರಡೂ ಟ್ಯಾಬಿಗೆ ಟೋಕನ್ ಒಂದೇ. ಕೇವಲ ಸೆಷನ್ನನ್ನು ನಂಬಿದ ಅರ್ಜಿಯಲ್ಲಿ ತಮ್ಮನ ಅಂಕ ಅಕ್ಕನ ಹೆಸರಿಗೆ ಸೇರಿಬಿಡಬಹುದು. ಯಾವ ತಪ್ಪಿನ ಸೂಚನೆಯೂ ಬರುವುದಿಲ್ಲ. ಕರಡು ಸಂಖ್ಯೆ ಈ ಬೆರಕೆಯನ್ನೂ ತಡೆಯುತ್ತದೆ. ಆದರೂ ಒಬ್ಬರದು ಮುಗಿಸಿ ಇನ್ನೊಬ್ಬರದು ಶುರುಮಾಡಿ. ಸೈಬರ್ ಸೆಂಟರಿನಲ್ಲಿ ತುಂಬಿದವರು 'ನಿರ್ಗಮಿಸಿ' ಒತ್ತದೆ ಎದ್ದರೆ, ಮುಂದೆ ಕುಳಿತವರಿಗೆ ನಿಮ್ಮ ಮನೆಯ ಆದಾಯ ಕಾಣಬಹುದು.

ಫೋಟೋ ಪುಟದ ತೊಂದರೆ ಬೇರೆ. ಪಿಎಚ್‌ಪಿಯ ಮೂಲ ಮಿತಿ ಒಂದು ಕಡತಕ್ಕೆ 2 ಎಂಬಿ, ಒಂದು ಪುಟದ ಒಟ್ಟು ಮಾಹಿತಿಗೆ 8 ಎಂಬಿ. ಈಗಿನ ಮೊಬೈಲ್ ಕ್ಯಾಮೆರಾದ ಒಂದು ಚಿತ್ರವೇ 4–5 ಎಂಬಿ ಇರುವುದುಂಟು. ಒಟ್ಟು ಮಿತಿ ಮೀರಿದರೆ ಸರ್ವರಿನ ಕೈಗೆ ಆ ಪುಟವೇ ಖಾಲಿಯಾಗಿ ಸಿಗುತ್ತದೆ. ಎಲ್ಲ ತುಂಬಿದ್ದರೂ 'ಏನೂ ತುಂಬಿಲ್ಲ' ಎಂದು ಬಂದರೆ ಕಾರಣ ಬಹುತೇಕ ಇದೇ. ಹಿಂದಿನ ನಾಲ್ಕು ಪುಟಗಳಿಗೆ ಏನೂ ಆಗಿರುವುದಿಲ್ಲ, ಗಾಬರಿ ಬೇಡ. ಚಿತ್ರವನ್ನು ಕಿರಿದು ಮಾಡಿ ಮತ್ತೆ ಸೇರಿಸಿ.

ತುಂಬಲು ಕೂರುವ ಮೊದಲು ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಕೈಯಲ್ಲಿರಲಿ. ಐಎಫ್‌ಎಸ್‌ಸಿ ಸಂಕೇತದಲ್ಲಿ 11 ಅಕ್ಷರಗಳಿದ್ದು, ಐದನೆಯದು ಸೊನ್ನೆ, ಇಂಗ್ಲಿಷಿನ ಓ ಅಲ್ಲ. ಕಂಪ್ಯೂಟರ್ ಬಾರದವರಿಗೆ ಶುಕ್ರವಾರ ಜುಮಾ ನಮಾಝಿನ ನಂತರ ಕಚೇರಿಯಲ್ಲಿ ಸ್ವಯಂಸೇವಕರು ತುಂಬಿಕೊಡುತ್ತಾರೆ. ಒಟಿಪಿ ಬರುವ ಮೊಬೈಲನ್ನು ಮರೆಯದೆ ತನ್ನಿ.