ಬಸರೂರು: ಹಡಗುಗಳು ಅರಸಿ ಬಂದ ಹಳ್ಳಿ

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಕೆಲಸಕ್ಕೆಂದು ಬಂದ ಹುಡುಗನೊಬ್ಬನನ್ನು, "ಊರು ಯಾವುದಪ್ಪಾ?" ಎಂದು ಕೇಳಿದೆವು. "ಕುಂದಾಪುರದ ಹತ್ತಿರ" ಎಂದನು. ಹತ್ತಿರವೆಂದರೆ ಎಲ್ಲಿ ಎಂದು ಮತ್ತೆ ಕೇಳಲು, "ಬಸರೂರು. ಹೇಳಿದರೆ ಮುಂಬಯಿಯಲ್ಲಿ ಯಾರಿಗೂ ತಿಳಿಯದ ಸಣ್ಣ ಹಳ್ಳಿ" ಎಂದು ತಲೆ ತಗ್ಗಿಸಿದನು. ಅಂದು ನಮಗೂ ಆ ಊರಿನ ವಿಷಯ ಹೆಚ್ಚೇನೂ ತಿಳಿದಿರಲಿಲ್ಲ, ಸುಮ್ಮನಾದೆವು. ಪತ್ರಿಕೆಯ ಕೆಲಸಕ್ಕೆ ತೊಡಗಿದ ಮೇಲೆ ಓದಿ ತಿಳಿದುದನ್ನು, ಆ ಹುಡುಗನಿಗೆ ಅಂದು ಹೇಳದೆ ಹೋದುದನ್ನು, ಇಂದು ವಾಚಕ ಬಂಧುಗಳ ಮುಂದಿಡುತ್ತೇವೆ.

ಕುಂದಾಪುರದಿಂದ ಪೂರ್ವಕ್ಕೆ ಸುಮಾರು 6 ಕಿಲೋಮೀಟರು ನಡೆದರೆ ವಾರಾಹಿ ನದಿಯ ದಂಡೆಯಲ್ಲಿ ಬಸರೂರು ಸಿಗುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟಿ ಇಳಿದು ಬರುವ ವಾರಾಹಿಯು ಸೌಪರ್ಣಿಕಾ, ಚಕ್ರಾ, ಕೇದಕ, ಕುಬ್ಜಾ ನದಿಗಳನ್ನು ಕೂಡಿಕೊಂಡು ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುವುದು. ಈ ಸಂಗಮವನ್ನೇ ಪಂಚಗಂಗಾವಳಿ ಎನ್ನುವರು. ಬಸರೂರಿನ ಭಾಗ್ಯವೆಲ್ಲವೂ ಈ ನೀರಿನಲ್ಲಿಯೇ ಇದ್ದಿತು. ಭರತದ ನೀರು ಒಳನಾಡಿಗೆ ಏರಿ ಬರುವುದರಿಂದ ದೋಣಿಗಳು ಊರಿನ ಬಾಗಿಲವರೆಗೂ ಬರಬಹುದಾಗಿತ್ತು. ತೆರೆದ ಕಡಲಿನ ಗಾಳಿಯ ಹೊಡೆತವಾಗಲಿ, ಕಡಲ್ಗಳ್ಳರ ನೇರ ಭಯವಾಗಲಿ ಅಷ್ಟಾಗಿ ಇರಲಿಲ್ಲ. ಬೆನ್ನಿಗೆ ಬತ್ತದ ಬಯಲು, ಅದರಾಚೆ ಕಾಳುಮೆಣಸಿನ ಘಟ್ಟ. ಬಂದರೊಂದಕ್ಕೆ ಇನ್ನೇನು ಬೇಕು?

1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಾಗಿದ ಪ್ರವಾಸಿ ಇಬ್ನ್ ಬತೂತನು 'ಅಬೂ ಸರೂರ್' ಎಂಬ ಊರನ್ನು ಹೆಸರಿಸಿದ್ದಾನೆ. ಅದು ನಮ್ಮ ಬಸರೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ದೊಡ್ಡ ಅಳಿವೆಯ ಮೇಲಿನ, ತೆಂಗು ತುಂಬಿದ ಚಿಕ್ಕ ಊರೆಂದೇ ಅವನು ಅದನ್ನು ವರ್ಣಿಸಿದ್ದಾನೆ. ಅಂದಿಗೂ ಅದು ಚಿಕ್ಕ ಊರೇ ಎಂಬುದನ್ನು ವಾಚಕರು ಗಮನಿಸಬೇಕು.

ವಿಜಯನಗರದ ಅರಸರ ಕಾಲದಲ್ಲಿ ಈ ಸೀಮೆಯು ಬಾರಕೂರಿನ ರಾಜ್ಯಪಾಲರಿಗೆ ಒಳಪಟ್ಟಿತ್ತು. ಆದರೂ ಮೂಡಕೇರಿ, ಪಡುವಕೇರಿ ಎಂಬ ಎರಡು ಕೇರಿಗಳ ಸೆಟ್ಟಿಕಾರರು ಊರಿನ ವ್ಯವಹಾರವನ್ನು ಬಹುಮಟ್ಟಿಗೆ ತಾವೇ ನಡೆಸುತ್ತಿದ್ದರು. ಊರಿನ ಶಿಲಾಶಾಸನಗಳಲ್ಲಿ ಅವರ ಹೆಸರುಗಳಿವೆ. ಇಲ್ಲಿಂದ ಅಕ್ಕಿ ಗೋವೆಗೂ ಮಲಬಾರಿಗೂ ಕಡಲಾಚೆಯ ಹೋರ್ಮುಜಿಗೂ ಹೋಗುತ್ತಿತ್ತು. ಊರನ್ನು 'ಬಾರ್ಸೆಲೂರ್' ಎಂದು ಕರೆದ ಪೋರ್ಚುಗೀಜರು 1569ರಲ್ಲಿ ಇಲ್ಲಿನ ಕೋಟೆಯನ್ನು ಹಿಡಿದುದೂ ಮುಖ್ಯವಾಗಿ ಈ ಅಕ್ಕಿಯ ಆಸೆಗೇ. ಗೋವೆಯಲ್ಲಿ ಅವರ ಒಲೆ ಉರಿಯಬೇಕಾದರೆ ಕನ್ನಡ ಕರಾವಳಿಯ ಅಕ್ಕಿ ಬೇಕಾಗಿತ್ತು. 1623ರಲ್ಲಿ ಘಟ್ಟವಿಳಿದು ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆಯು, ಮೇಲಿನ ಊರು ಕೆಳದಿಯ ವೆಂಕಟಪ್ಪ ನಾಯಕನ ಅಧೀನದಲ್ಲಿಯೂ ಕಡಲ ಕಡೆಯದು ಪೋರ್ಚುಗೀಜರ ಕೈಯಲ್ಲಿಯೂ ಇದ್ದುದನ್ನು ಕಂಡು ಬರೆದಿಟ್ಟಿದ್ದಾನೆ.

ಸಂಪತ್ತಿದ್ದಲ್ಲಿ ವಿಪತ್ತೂ ಬರುವುದು ಸಹಜವಷ್ಟೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಮಾಲವಣದಿಂದ 85 ಸಣ್ಣ ನೌಕೆಗಳನ್ನೂ 3 ದೊಡ್ಡ ಹಡಗುಗಳನ್ನೂ ಕೂಡಿಕೊಂಡು ಕಡಲ ಮಾರ್ಗವಾಗಿ ಬಂದು ಬಸರೂರನ್ನು ಸೂರೆಗೊಂಡರು. ಅಷ್ಟು ದೂರದಿಂದ ಅಷ್ಟು ನೌಕೆಗಳು ಬರಿಗೈಯ ಊರನ್ನು ಅರಸಿ ಬರಲಾರವು!

ಅನಂತರ ಕೆಳದಿಯು 1763ರಲ್ಲಿ ಹೈದರಾಲಿಗೆ ಸೋತಿತು; 1799ರಲ್ಲಿ ಕನ್ನಡ ಜಿಲ್ಲೆಯು ಇಂಗ್ಲಿಷರ ಪಾಲಾಯಿತು. ವ್ಯಾಪಾರವು ಮಂಗಳೂರಿನತ್ತ ವಾಲಿತು. ಅಲ್ಲಿಗೆ 1907ರಲ್ಲಿಯೇ ರೈಲು ಬಂದರೆ, ಕುಂದಾಪುರದ ಕಡೆಯವರು ಕೊಂಕಣ ರೈಲಿನಲ್ಲಿ ನೇರವಾಗಿ ಮುಂಬಯಿಗೆ ಬರಲು 1998ರವರೆಗೆ ಕಾಯಬೇಕಾಯಿತು. ಹಡಗು ಬಾರದ, ರೈಲೂ ಬಾರದ ಆ ನಡುವಣ ಕಾಲದಲ್ಲಿಯೇ ನಮ್ಮ ಹಿರಿಯರು ಗಂಟುಮೂಟೆ ಕಟ್ಟಿ ಈ ನಗರಕ್ಕೆ ಬಂದುದು. ಹಿಂದೆ ಊರಿನಿಂದ ಅಕ್ಕಿ ಹೊರಟು ಪರದೇಶಿಗಳ ಹೊಟ್ಟೆ ತುಂಬುತ್ತಿತ್ತು. ಆಮೇಲೆ ಊರಿನ ಮಕ್ಕಳೇ ಹೊರಟು ಪರವೂರಿನವರಿಗೆ ಬಡಿಸಿದರು.

ಇಂದು ಬಸರೂರು ಉಡುಪಿ ಜಿಲ್ಲೆಯ ಒಂದು ಹಳ್ಳಿ. 1997ಕ್ಕೆ ಮೊದಲು ಅದು ದಕ್ಷಿಣ ಕನ್ನಡದಲ್ಲಿತ್ತು. ಮಹಾಲಿಂಗೇಶ್ವರನ ಗುಡಿಯಲ್ಲಿ ಪೂಜೆ ನಡೆಯುತ್ತಿದೆ. ತುಳುವೇಶ್ವರನ ಗುಡಿಯನ್ನಂತೂ ಆಲದ ಬೇರುಗಳೇ ಗೋಡೆಯಾಗಿ ಅಪ್ಪಿಕೊಂಡಿವೆ. ಆ ಬೇರುಗಳ ಎದುರು ನಿಂತವನಿಗೆ, ಬೇರು ಹಿಡಿದುಕೊಂಡದ್ದು ಬೀಳುವುದಿಲ್ಲವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಗಲ್ಲೆಯಲ್ಲಿ ಕುಳಿತವರೂ, ಮೇಜು ಒರೆಸುವವರೂ, ಕಚೇರಿಯಲ್ಲಿ ಲೆಕ್ಕ ಬರೆಯುವವರೂ ಆದ ನಮ್ಮ ಬಂಧುಗಳಲ್ಲಿ ಒಂದು ಬಿನ್ನಹ. ಯಾರಾದರೂ ಊರು ಕೇಳಿದರೆ ಪಕ್ಕದ ಪೇಟೆಯ ಹೆಸರನ್ನು ಮುಂದೆ ಮಾಡಬೇಡಿರಿ. ನಿಮ್ಮ ಹಳ್ಳಿಯ ಹೆಸರನ್ನೇ ಹೇಳಿರಿ. ರಜೆಯಲ್ಲಿ ಊರಿಗೆ ಹೋದಾಗ ಅಂಗಳದ ಮೂಲೆಯಲ್ಲಿ ಅಕ್ಷರ ಕೊರೆದ ಕಲ್ಲೇನಾದರೂ ಬಿದ್ದಿದ್ದರೆ ಅದರ ಮೇಲೆ ಬಟ್ಟೆ ಒಗೆಯಲು ಬಿಡಬೇಡಿರಿ, ಓದಬಲ್ಲವರಿಗೆ ತೋರಿಸಿರಿ. ಹಿರಿಯರು ಹೇಳುವುದನ್ನು ಬರೆದುಕೊಳ್ಳಿರಿ. ಹಾಗೆ ಬರೆದುದನ್ನು ನಮಗೆ ಕಳುಹಿಸಿದರೆ, ಊರು ಎಷ್ಟು ಚಿಕ್ಕದಾದರೂ ಸರಿ, ಇದೇ ಪುಟದಲ್ಲಿ ಸಂತೋಷದಿಂದ ಪ್ರಕಟಿಸುವೆವು.

ನಮ್ಮ ಆ ಹುಡುಗನು ಈಗ ಎಲ್ಲಿರುವನೋ ನಮಗೆ ತಿಳಿಯದು. ಎಲ್ಲಿಯೇ ಇರಲಿ, ಈ ಲೇಖನವು ಅವನ ಕೈಗೆ ಸಿಕ್ಕಲಿ.